ಜಾಕಿ ಮೊಟ್ಟೆ ಬಿಟ್ಟು ಎದ್ದರೆ ಎದೆ ಝಲ್ ಎನ್ನುತ್ತದೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿರುವ ಬಿಳಿ ತಲೆಯ ಹದ್ದಿನ ಗೂಡನ್ನು ದಿನಾ ಬೆಳಿಗ್ಗೆ ಏಳಕ್ಕೆ, ಕಾಫಿ ಹೊತ್ತಿಗೆ ಲೈವ್ ನೋಡುತ್ತೇನೆ. ಅಲ್ಲಿ ಆಗ ಹಿಂದಿನ ದಿನದ ಸಂಜೆ. ಇವತ್ತು ಜಾಕಿ ಮೊಟ್ಟೆ ಬಿಟ್ಟು ಹಾರಿಹೋದಳು. ಸುತ್ತ ಹಿಮ! ಮೊಟ್ಟೆ ತಣ್ಣಗಾಗಲ್ವಾ?

ಉತ್ತರ: ಗಾಬರಿ ಬೇಡಿ. ಗಂಡು ಶ್ಯಾಡೋ ಕೂಡ ಕಾವು ಕೊಡುತ್ತಾನೆ. ಸ್ವಲ್ಪ ಹೊತ್ತು ಕಾಯಿರಿ.

ಇನ್ನೊಂದು ಉತ್ತರ: 2024ರಲ್ಲಿ ಮೂರು ಮೊಟ್ಟೆಯೂ ಮರಿಯಾಗಲಿಲ್ಲ. ಸಾಮಾನ್ಯವಾಗಿ ಸುಮಾರು 35 ದಿನ ಸಾಕು. ಜಾಕಿ ಮಾತ್ರ ಅದಾದ ಮೇಲೂ ವಾರಗಟ್ಟಲೆ ಕೂತಳು. ಬೆನ್ನ ಮೇಲೆ ಹಿಮ ಬಿದ್ದರೂ ಏಳಲಿಲ್ಲ. ನನಗೆ ಅಳುವೇ ಬಂತು. 2025ರಲ್ಲಿ ಮೂರು ಮರಿ ಬಂದವು. ಹಿಮಗಾಳಿ ಬಂದಾಗ ಒಂದು ಹೋಯಿತು. ಸನ್ನಿ, ಗಿಜ್ಮೋ ಬೆಳೆದು ಹಾರಿದವು.

ಕೇಳಿದವರು: ಶ್ಯಾಡೋ ಬಂದ! ಜೊತೆಗೊಂದು ಕಡ್ಡಿ ತಂದಿದ್ದಾನೆ. ಈಗ ಮೊಟ್ಟೆ ಮೇಲೆ ಕೂತ.