‘ಟೈಮಿಂಗ್ ಮುಂದೆ ಹೋಗಿದೆ’ ಅಂದರೆ ಬೇಗನೋ, ತಡವೋ?

ಎಲ್ಲರಿಗೂ ನಮಸ್ಕಾರ.

ಕಾರಿನ ಇಂಜಿನ್ ತೊಂದರೆಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಾರು ಓಡಿಸುವವರಿಗೂ ಹೊಸದಾಗಿ ಕೆಲಸ ಕಲಿಯುವವರಿಗೂ ಓದಿದ ಕೂಡಲೇ ಅರ್ಥವಾಗಬೇಕು. ಬಿಡಿಭಾಗಗಳ ಹೆಸರಿನ ಚಿಂತೆ ನನಗಿಲ್ಲ. ಪಿಸ್ಟನ್, ವಾಲ್ವ್, ಟೈಮಿಂಗ್ ಚೈನ್, ಟೆನ್ಷನರ್ ಎಲ್ಲ ಹಾಗೇ ಇರಲಿ. ನಾನು ಸಿಕ್ಕಿಕೊಂಡಿರುವುದು ‘ಮುಂದೆ’, ‘ಹಿಂದೆ’ ಅನ್ನುವ ನಮ್ಮವೇ ಮಾತುಗಳಲ್ಲಿ.

ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವ ಸ್ವಲ್ಪ ಮೊದಲೇ ಸ್ಪಾರ್ಕ್ ಬರಬೇಕು. ಇಂಧನ ಉರಿದು ಒತ್ತಡ ಏರಲು ಅಷ್ಟು ಸಮಯ ಬೇಕು. ಎಷ್ಟು ಮೊದಲು ಅನ್ನೋದನ್ನು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ತಿರುಗುವ ಡಿಗ್ರಿಯಲ್ಲಿ ಹೇಳುತ್ತಾರೆ. 10 ಡಿಗ್ರಿ ಮೊದಲು ಬರುತ್ತಿದ್ದ ಸ್ಪಾರ್ಕ್ 15 ಡಿಗ್ರಿ ಮೊದಲು ಬಂದರೆ ಅಡ್ವಾನ್ಸ್. 5 ಡಿಗ್ರಿ ಮೊದಲು ಬಂದರೆ ರಿಟಾರ್ಡ್. ಅಡ್ವಾನ್ಸ್ ಅತಿಯಾದರೆ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿದು ಬಡಿಯುವ ಸದ್ದು, ಶುರುವಾಗುತ್ತದೆ. ರಿಟಾರ್ಡ್ ಅತಿಯಾದರೆ ಪಿಕಪ್ ಬಿದ್ದುಹೋಗುತ್ತದೆ, ಹೊಗೆ ಹೋಗುವ ದಾರಿ ಜಾಸ್ತಿ ಬಿಸಿಯಾಗುತ್ತದೆ. ಎರಡೂ ಪೂರ್ತಿ ಬೇರೆ ತೊಂದರೆಗಳು.

ಈಗ ಅಡ್ವಾನ್ಸ್ ಅನ್ನೋದಕ್ಕೆ ‘ಮುಂದಕ್ಕೆ ಹೋಗಿದೆ’ ಅಂತ ಬರೆದೆ ಅಂದುಕೊಳ್ಳಿ. ‘ಸಭೆ ಮುಂದಕ್ಕೆ ಹೋಗಿದೆ’ ಅಂದರೆ ಸಭೆ ತಡವಾಗಿ ನಡೆಯುತ್ತದೆ ಅಂತ ಅರ್ಥ. ‘ಮುಂದೂಡು’ ಅಂದರೂ ಅದೇ. ಆದರೆ ‘ಗಡಿಯಾರ ಐದು ನಿಮಿಷ ಮುಂದಿದೆ’ ಅಂದಾಗ ಅದು ಬೇಗ ಓಡುತ್ತಿದೆ ಅಂತ. ಎರಡೂ ಒಳ್ಳೆಯ ಕನ್ನಡ, ಎರಡೂ ದಿನಾ ಆಡುವ ಮಾತು. ಓದುವವರು ಯಾವುದನ್ನು ಹಿಡಿದುಕೊಳ್ಳುತ್ತಾರೆ ಅಂತ ಹೇಗೆ ಹೇಳುವುದು? ಒಬ್ಬರು ಅಡ್ವಾನ್ಸ್ ಅಂತ ಓದಿದ್ದು ಇನ್ನೊಬ್ಬರಿಗೆ ರಿಟಾರ್ಡ್ ಆಗಿಬಿಡುತ್ತದೆ.

ಕಾರಿನ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಸ್ಕ್ಯಾನರ್ ತೋರಿಸುವ ಕೋಡುಗಳನ್ನು ಕನ್ನಡದಲ್ಲಿ ವಿವರಿಸುವಾಗಲೂ ಇದೇ ತೊಡಕು. ಪಿ0011 ಬಂದರೆ ಇನ್‌ಟೇಕ್ ಕ್ಯಾಮ್ (ಗಾಳಿ ಒಳಗೆ ಬಿಡುವ ವಾಲ್ವುಗಳನ್ನು ತೆರೆಯುವ ದಂಡ) ಇರಬೇಕಾದ್ದಕ್ಕಿಂತ ಮುಂಚೆ ಇದೆ ಅಂತ. ಪಿ0012 ಅಂದರೆ ಅದೇ ಕ್ಯಾಮ್ ತಡವಾಗಿದೆ. ಇಲ್ಲಿ ‘ಮುಂದೆ’ ಅಂತ ಬರೆದರೆ ಎರಡು ಕೋಡುಗಳೂ ಅದಲುಬದಲಾಗುವ ಅಪಾಯವಿದೆ. ಅದಕ್ಕೇ ‘ಮುಂಚೆ’ ಮತ್ತು ‘ತಡ’ ಅನ್ನುವ ಜೋಡಿಯನ್ನು ಆರಿಸಿಕೊಂಡಿದ್ದೇನೆ. ‘ಬೇಗ’ ಅನ್ನಲು ಮನಸ್ಸಾಗಲಿಲ್ಲ. ಅದರಲ್ಲಿ ವೇಗದ ಅರ್ಥವೂ ಇದೆ. ಇಂಜಿನ್ ಜೋರಾಗಿ ತಿರುಗುತ್ತಿದೆ ಅಂತ ಯಾರಾದರೂ ತಿಳಿಯಬಹುದು. ‘ತಡ’ಕ್ಕೆ ‘ತಡಮಾಡು’ ಇದೆ. ಇಂಜಿನ್ ತಣ್ಣಗಿದ್ದಾಗ ಎಷ್ಟೋ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಬೇಕಂತಲೇ ಸ್ಪಾರ್ಕ್ ತಡಮಾಡುತ್ತದೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ. ಈ ಮಾತನ್ನು ಸರಾಗವಾಗಿ ಬರೆಯಬಹುದು. ‘ಮುಂಚೆ’ಗೆ ಅಂಥ ಕ್ರಿಯಾಪದ ಸಿಕ್ಕಿಲ್ಲ. ‘ಮುಂಚಿಸು’ ಅಂತ ಮಾಡಿಕೊಂಡರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಟೈಮಿಂಗ್ ಅನ್ನೋದನ್ನೂ ನಾನು ಒಂಟಿಯಾಗಿ ಬಳಸುತ್ತಿಲ್ಲ. ‘ಟೈಮಿಂಗ್ ಔಟ್ ಆಗಿದೆ’ ಅನ್ನುವ ಮಾತು ಸ್ಪಾರ್ಕಿಗೂ ಆಗಬಹುದು, ವಾಲ್ವಿಗೂ ಆಗಬಹುದು. ಹಾಗಾಗಿ ಎಲ್ಲ ಕಡೆ ‘ಸ್ಪಾರ್ಕ್ ಟೈಮಿಂಗ್’, ‘ವಾಲ್ವ್ ಟೈಮಿಂಗ್’ ಅಂತ ಬಿಡಿಸಿ ಬರೆದಿದ್ದೇನೆ.

ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನಿನ ವಿಷಯಕ್ಕೆ ಬಂದರೆ, ‘ಸಡಿಲ ಆಗಿದೆ’, ‘ಹಿಗ್ಗಿದೆ’ ಎರಡನ್ನೂ ಕೇಳುತ್ತೇವೆ. ಎರಡೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಟೈಮಿಂಗ್ ಚೈನಿನ ಲೋಹ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನು, ಪಿನ್ನು ಕೂರುವ ತೂತು ಸವೆಯುತ್ತವೆ. ಒಂದೊಂದು ಕೊಂಡಿಯ ಚೂರುಚೂರು ಸವೆತ ಸೇರಿ ಚೈನ್ ಉದ್ದವಾಗುತ್ತದೆ, ಕ್ಯಾಮ್ ಸಾಮಾನ್ಯವಾಗಿ ತಡವಾಗುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದಾಗ ಪಿ0016 ಬರುವುದಕ್ಕೆ ಇದೂ ಒಂದು ಕಾರಣ. ‘ಸಡಿಲ’ ಅಂದರೆ ಗಾಡಿಯವರು ‘ಹಾಗಾದ್ರೆ ಬಿಗಿ ಮಾಡಿ ಕೊಡಿ’ ಅನ್ನುತ್ತಾರೆ. ಸವೆದದ್ದನ್ನು ಬಿಗಿ ಮಾಡಲು ಆಗುವುದಿಲ್ಲ, ಬದಲಾಯಿಸಲೇಬೇಕು. ‘ಸವೆದು ಉದ್ದವಾಗಿದೆ’ ಅಂತಲೇ ಬರೆಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇದರ ಜೊತೆಗೇ ‘ಒಂದು ಹಲ್ಲು ತಪ್ಪಿದೆ’ ಅನ್ನುವ ಮಾತಿದೆ. ಕ್ರ್ಯಾಂಕಿನ ಹಲ್ಲುಚಕ್ರಕ್ಕೆ 20 ಹಲ್ಲಿದ್ದರೆ ಒಂದು ಹಲ್ಲು ಅಂದರೆ 18 ಡಿಗ್ರಿ ವ್ಯತ್ಯಾಸ. ಸಣ್ಣದಲ್ಲ. ಆದರೆ ಕ್ರ್ಯಾಂಕ್ ಸೆನ್ಸರಿನ ಚಕ್ರದಲ್ಲಿ ಗುರುತಿಗಾಗಿಯೇ ಒಂದೆರಡು ಹಲ್ಲು ಬಿಟ್ಟಿರುತ್ತಾರೆ. ‘ತಪ್ಪಿದೆ’ ಅಂದರೆ ಆ ಖಾಲಿ ಜಾಗದ ಮಾತು ಅಂತಲೂ ಅನ್ನಿಸಬಹುದು. ‘ಚೈನ್ ಒಂದು ಹಲ್ಲು ಜಿಗಿದಿದೆ’ ಅನ್ನುವುದು ಹೆಚ್ಚು ಸ್ಪಷ್ಟ, ಅಲ್ವಾ?

ಕೊನೆಯದಾಗಿ ಶಬ್ದಗಳು. ಅನುಕರಣಾವ್ಯಯಗಳಲ್ಲಿ ಕನ್ನಡ ಎಷ್ಟು ಶ್ರೀಮಂತ ಅಂತ ನಿಮಗೆ ಹೇಳಬೇಕಿಲ್ಲ. ಆದರೂ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಎಲ್ಲ ಸದ್ದಿಗೂ ಜನ ‘ಕಟಕಟ’ ಅಂದುಬಿಡುತ್ತಾರೆ. ಇಲ್ಲಿ ಸದ್ದಿನ ಬಗೆಯಷ್ಟೇ ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದೂ ಮುಖ್ಯ. ಸ್ಟಾರ್ಟ್ ಆದ ಒಂದೆರಡು ಸೆಕೆಂಡು ಮಾತ್ರ ಬಂದು ನಿಂತರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿಗೆ ಆಯಿಲ್ ಒತ್ತಡ ತಡವಾಗಿ ತಲುಪುತ್ತಿರಬಹುದು. ಇದಕ್ಕೆ ‘ಲೊಡಲೊಡ’ ಇಟ್ಟಿದ್ದೇನೆ. ಕೇಳಿದ ಕೂಡಲೇ ಏನೋ ಸಡಿಲವಿದೆ ಅಂತ ಗೊತ್ತಾಗುವ ಮಾತು ಅದು. ಸಣ್ಣಗೆ ಒಂದೇ ಲಯದಲ್ಲಿ ಬಂದು, ಆಕ್ಸಿಲರೇಟರ್ ಒತ್ತಿದರೆ ಲಯವೂ ಜೋರಾದರೆ ‘ಟಿಕ್‌ಟಿಕ್’. ಅದು ವಾಲ್ವನ್ನು ಒತ್ತುವ ಟ್ಯಾಪೆಟ್ ಕಡೆಯದ್ದಿರಬಹುದು, ಇಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸೋರಿಕೆಯೂ ಇರಬಹುದು. ಸೋರಿಕೆಯಾದರೆ ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸದ್ದು ಕಡಿಮೆಯಾಗುವುದುಂಟು. ಕೆಲವು ನಿಮಿಷ ದಪ್ಪಗೆ ಬಡಿದು, ಬಿಸಿಯಾದ ಮೇಲೆ ಅಡಗಿದರೆ ಪಿಸ್ಟನ್ ಸಿಲಿಂಡರಿನ ಗೋಡೆಗೆ ತಾಗುತ್ತಿರಬಹುದು. ಅದಕ್ಕೆ ‘ಟೊಕಟೊಕ’ ಅಂತ ಬರೆದಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ. ‘ಗರಗರ’ವನ್ನು ಸವೆದ ಬೇರಿಂಗಿಗೇ ಮೀಸಲಿಟ್ಟಿದ್ದೇನೆ. ಇವು ಯಾವುದನ್ನೂ ‘ನಾಕಿಂಗ್’ ಅನ್ನಬಾರದು. ಸ್ಪಾರ್ಕಿನ ನಾಕಿಂಗ್ ಹೆಚ್ಚಾಗಿ ಬಿಸಿ ಇಂಜಿನ್ ಏರು ಹತ್ತುವಾಗ, ಭಾರ ಎಳೆಯುವಾಗ ಬರುವಂಥದ್ದು.

ಇನ್ನೊಂದು ಪದ ಉಳಿದಿದೆ. ಕೋಲ್ಡ್ ಸ್ಟಾರ್ಟ್ ಅಂದರೆ ಚಳಿಗಾಲದ ಸ್ಟಾರ್ಟ್ ಅಂತ ಕೆಲವರು ತಿಳಿಯುತ್ತಾರೆ. ಬೇಸಿಗೆಯಲ್ಲೂ ಗಾಡಿ ರಾತ್ರಿಯಿಡೀ ನಿಂತಿದ್ದರೆ ಅದು ಕೋಲ್ಡ್ ಸ್ಟಾರ್ಟೇ. ‘ಆರಿದ ಇಂಜಿನ್’ ಅನ್ನಬೇಕು ಅಂತ ಆಸೆ, ಬಿಸಿ ಹಾಲು ಆರಿತು ಅನ್ನುವ ಅರ್ಥದಲ್ಲಿ. ಆದರೆ ದೀಪ ಆರಿತು ಅನ್ನುವ ಹಾಗೆ, ಓಡುತ್ತಿದ್ದ ಇಂಜಿನ್ ನಿಂತುಹೋಯಿತು ಅಂತ ಓದಿಕೊಂಡರೆ ಕಷ್ಟ. ‘ತಣಿದ ಇಂಜಿನ್’ ಅಂದರೆ ಸರಿಹೋಗಬಹುದೇ? ನಿಮ್ಮ ಕಡೆ ಗಾಡಿ ಕೆಲಸ ಮಾಡುವವರು ಇದಕ್ಕೆ, ಆ ‘ಟೊಕಟೊಕ’ಕ್ಕೆ ಏನನ್ನುತ್ತಾರೆ ಅಂತ ದಯವಿಟ್ಟು ಬರೆಯಿರಿ.