ಮರು: ‘ಸೋಂಕಿತ ಸೂತ್ರಕೃಮಿ’ ಸರಿಯೇ? (ಇವತ್ತೇ ಬೇಕು)

ದ್ರಾಕ್ಷಿ ರೋಗದ ಬಗ್ಗೆ ಫ್ರೆಂಚಿನಿಂದ ಕನ್ನಡಕ್ಕೆ ತಂದ ಕರಪತ್ರದಲ್ಲಿ, ರೋಗ ಹರಡುವ ಹುಳಕ್ಕೆ ‘ಸೋಂಕಿತ ಸೂತ್ರಕೃಮಿ’ ಅನ್ನಬಹುದೇ ಎಂದು ಕೇಳಿದಿರಿ, ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು ಅಂದಿರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ‘ಸೂತ್ರಕೃಮಿ’ ಬೇಡ, ‘ಸೋಂಕಿತ’ ಅಂತೂ ಬೇಡವೇ ಬೇಡ.

ಸೂತ್ರಕೃಮಿ ಹಿಂದಿ, ಮರಾಠಿ ಪುಸ್ತಕಗಳಲ್ಲಿ ಓಡಾಡುವ ಪದ. ನಮ್ಮಲ್ಲಿ ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಹುಳಕ್ಕೆ ಜಂತುಹುಳು ಅನ್ನುತ್ತಾರೆ, ಇಲ್ಲವೇ ನೆಮಟೋಡ್ ಅನ್ನುತ್ತಾರೆ. ಎರಡೂ ನಡೆಯುತ್ತವೆ. ನೆಮಟೋಡ್‌ನ ಮೂಲವಾದ ಗ್ರೀಕಿನ ‘ನೆಮ’ ಎಂದರೆ ನೂಲು, ಅದು ಸರಿ. ನಮ್ಮ ನೇಯ್ಗೆಗೂ ಅದಕ್ಕೂ ನಂಟು ಎಂದು ಈ ಚರ್ಚೆಯಲ್ಲಿ ಮೇಲೊಬ್ಬರು ಬರೆದಿದ್ದಾರೆ. ಆ ನಂಟು ಇಲ್ಲ. ಸದ್ದು ಹತ್ತಿರವಾದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ.

ದ್ರಾಕ್ಷಿಗೆ ನಂಜು, ಅಂದರೆ ವೈರಸ್, ತರುವ ಜಂತುವಿನ ಹೆಸರು ಜಿಫಿನೆಮ ಇಂಡೆಕ್ಸ್. ‘ಜಿಫೊಸ್’ ಎಂದರೆ ಕತ್ತಿ. ಮೂರು ಮಿಲಿಮೀಟರ್ ಉದ್ದದ ಹುಳು, ಬಾಯಲ್ಲಿ ಟೊಳ್ಳು ಮುಳ್ಳು. ಅದನ್ನು ಎಳೆ ಬೇರಿನ ತುದಿಗೆ ಚುಚ್ಚಿ ರಸ ಹೀರುತ್ತದೆ. ಇದಕ್ಕೆ ‘ಈಟಿಹುಳು’ ಅಂದರೂ ಚೆನ್ನಾಗಿದೆ, ಆದರೆ ಇಂಗ್ಲಿಷಿನಲ್ಲಿ ಈಟಿಯ ಹೆಸರು ಬೇರೆ ಜಂತುವಿಗಿದೆ, ಸೂಜಿಯ ಹೆಸರು ಇನ್ನೊಂದಕ್ಕೆ, ಚೂರಿಯ ಹೆಸರು ಇದಕ್ಕೆ. ಹಾಗಾಗಿ ‘ಚೂರಿಹುಳು’ ಇರಲಿ. ಚೂರಿ ಸಂಸ್ಕೃತದ ಛುರಿಕೆಯಿಂದ ಬಂತು, ‘ಬಾಕು’ ಅನ್ನಿ ಅಂದರೆ ನಾನು ಒಪ್ಪಲ್ಲ. ಓದುವ ರೈತನಿಗೆ ಯಾವುದು ಬೇಗ ಹೊಳೆಯುತ್ತದೋ ಅದೇ ಕನ್ನಡ.

ಇನ್ನು ‘ಸೋಂಕಿತ’. ಇಲ್ಲಿ ತಪ್ಪಿದರೆ ವಿಷಯವೇ ಕೆಡುತ್ತದೆ. ಹುಳಕ್ಕೆ ಈ ನಂಜಿನ ಸೋಂಕು ತಗಲುವುದೇ ಇಲ್ಲ. ನಂಜು ಅದರ ಗಂಟಲಿನ ಒಳಪದರಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೇ. ಅಲ್ಲಿ ಅದು ಹೆಚ್ಚುವುದಿಲ್ಲ. ಹುಳು ಪೊರೆ ಬಿಟ್ಟಾಗ ಆ ಪದರವೂ ಕಳಚಿ ನಂಜು ಹೋಗುತ್ತದೆ. ಮೊಟ್ಟೆಗೂ ದಾಟುವುದಿಲ್ಲ. ಈ ಹುಳವೇ ನಂಜು ಹರಡುವುದು ಎಂದು 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆವಿಟ್, ರಾಸ್ಕಿ, ಗೋಹೀನ್ ಎಂಬ ವಿಜ್ಞಾನಿಗಳು ತೋರಿಸಿದರು. ಜಂತುಹುಳು ಗಿಡದ ವೈರಸ್ ಹೊರುತ್ತದೆ ಎಂದು ಗೊತ್ತಾದದ್ದೇ ಆಗ. ಆದ್ದರಿಂದ ‘ನಂಜು ಹೊತ್ತ ಹುಳು’ ಅನ್ನಿ. ‘ವಾಹಕ’ ತಪ್ಪಲ್ಲ, ಆದರೆ ‘ಹೊತ್ತ’ ಅಂದಾಗ ಕಣ್ಣಿಗೆ ಕಟ್ಟುತ್ತದೆ ಅಲ್ವಾ?

ರೋಗದ ಹೆಸರಿಗೆ ‘ಬೀಸಣಿಗೆ ಎಲೆ’ ಎಂದು ಹಾಕಿದ್ದೀರಿ. ಅದು ಇಂಗ್ಲಿಷಿನ ದಾರಿ. ನಿಮ್ಮ ಮೂಲ ಫ್ರೆಂಚ್, ಫ್ರಾನ್ಸಿನ ಬರ್ಗಂಡಿಯ ದ್ರಾಕ್ಷಿತೋಟಗಳದ್ದು. ಅಲ್ಲಿಯವರು ‘ಕೂರ್ ನುವೆ’ ಅನ್ನುತ್ತಾರೆ, ಗಿಣ್ಣುಗಳು ಒತ್ತೊತ್ತಾಗಿ ಬಳ್ಳಿ ಗಿಡ್ಡವಾಗುವುದು ಅಂತ. ಕಬ್ಬಿಗೆ ಗಿಣ್ಣು ಅನ್ನುವ ನಮಗೆ ‘ಗಿಡ್ಡಗಿಣ್ಣು ರೋಗ’ ಸುಲಭ.

ಕೊನೆಯ ಸಾಲಿನ ‘ಭೂಮಿಯನ್ನು ನಿಷ್ಕ್ರಿಯವಾಗಿ ಇರಿಸುವುದು’ ಏನದು? ‘ಬೀಳು ಬಿಡುವುದು’ ಎಂಬ ಮಾತು ಇದೆಯಲ್ಲ. ಹೀಗೆ ಹಾಕಿ: ‘ಬಳ್ಳಿ ಕಿತ್ತ ಮೇಲೂ ಆಳದ ಬೇರು ವರ್ಷಗಟ್ಟಲೆ ಬದುಕಿರುತ್ತದೆ, ನಂಜು ಹೊತ್ತ ಚೂರಿಹುಳು ಅದನ್ನೇ ತಿಂದು ಉಳಿಯುತ್ತದೆ. ಬೇರು ಪೂರ್ತಿ ತೆಗೆಯಿರಿ, ನೆಲವನ್ನು ವರ್ಷಗಟ್ಟಲೆ ಬೀಳು ಬಿಡಿ.’