ಅಹೋ-ಕೊರಾಸಿಕ್‌ನಲ್ಲಿ ಪದ ತಪ್ಪಿಹೋಗ್ತಿದೆ: ಸರ್ಚ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಹೊಸಬ: ಮೇಡಂ, ಒಂದೇ ಪದ ಹುಡುಕೋಕೂ ಅಹೋ-ಕೊರಾಸಿಕ್ ಬೇಕಾ?

ಎಂಜಿನಿಯರ್: ಬೇಡ, ಒಂದೇ ಪದ ಹುಡುಕುವ ಕೆಎಂಪಿ (ಕ್ನೂತ್-ಮಾರಿಸ್-ಪ್ರಾಟ್) ವಿಧಾನ ಸಾಕು. ಪದಗಳು ಹಲವಿದ್ದಾಗ, ಎಲ್ಲವನ್ನೂ ಒಂದೇ ಓದಿನಲ್ಲಿ ಹುಡುಕುವ ಅಹೋ-ಕೊರಾಸಿಕ್. ಅದು ಪದಗಳನ್ನು ಅಕ್ಷರಕ್ಕೊಂದು ಹೆಜ್ಜೆಯ ಮರವಾಗಿ (ಟ್ರೈ) ಜೋಡಿಸುತ್ತದೆ. ಮರದ ಪ್ರತಿ ಗಂಟು ಒಂದು ಸ್ಟೇಟ್, ಶುರುವಿನದು ಬೇರು.

ನಿದ್ದೆಗೆಟ್ಟವ: ರೋಗಿಗಳ ಟಿಪ್ಪಣಿಯಲ್ಲಿ ಅಲರ್ಜಿ ಔಷಧಿಗಳ ಹೆಸರು ಹುಡುಕುವ ಪ್ರೋಗ್ರಾಂ ಬರೆದಿದ್ದೇನೆ. ಪರೀಕ್ಷೆಗೆ ಪಟ್ಟಿಯಲ್ಲಿ ಸಮರ, ಸಮರಸ, ರಸ ಹಾಕಿದೆ. ‘ಸಮರಸ’ ಅಂತ ಕೊಟ್ಟರೆ ಮೊದಲ ಎರಡು ಸಿಗುತ್ತವೆ, ರಸ ಸಿಗಲ್ಲ. ಇನ್ನೊಂದು ಗುಂಪಿನಿಂದ ಬಂದ ಕೋಡ್ ಹಾಕಿದೆ. ‘ಪದ ಸಿಕ್ಕ ಕೂಡಲೇ ಬೇರಿಗೆ ವಾಪಸ್ ಹೋಗಿ’ ಅನ್ನುತ್ತದೆ. ಈಗ ಸಮರಸವೂ ಸಿಗ್ತಿಲ್ಲ!

ಎಂಜಿನಿಯರ್: ಮೊದಲು ಆ ಫಾರ್ವರ್ಡ್ ಕೋಡ್ ಅಳಿಸಿ. ಯಾರು ಬರೆದರೋ, ಎಲ್ಲರೂ ಅದನ್ನೇ ಹಂಚುತ್ತಾರೆ. ‘ಸಮರ’ ಸಿಕ್ಕಾಗ ಬೇರಿಗೆ ಹೋದರೆ ಅಲ್ಲಿವರೆಗೆ ಓದಿದ್ದೆಲ್ಲ ಮರೆತಂತೆ. ಉಳಿಯೋದು ಬರೀ ‘ಸ’.

ನಿಮ್ಮ ಮೊದಲಿನ ಕೋಡ್ ಬಹುಪಾಲು ಸರಿ ಇತ್ತು. ಕೊನೆಯ ‘ಸ’ ಓದಿದಾಗ ನೀವು ‘ಸಮರಸ’ದ ಸ್ಟೇಟ್‌ನಲ್ಲಿದ್ದೀರಿ. ಮುಂದೆ ದಾರಿ ಇಲ್ಲದಾಗ ಹಿಡಿಯುವ ಫೇಲ್ ಲಿಂಕ್ ಹೋಗೋದು ಅದರ ಬಾಲದಲ್ಲಿದ್ದು ಟ್ರೈನಲ್ಲೂ ಬೇರಿನಿಂದಲೇ ಶುರುವಾಗುವ ಅತಿ ಉದ್ದದ ತುಂಡಿಗೆ. ‘ಮರಸ’ ಟ್ರೈನಲ್ಲಿಲ್ಲ, ‘ರಸ’ ಇದೆ. ನೀವು ನಿಂತ ಸ್ಟೇಟ್‌ನ ‘ಪದ ಮುಗಿಯಿತು’ ಗುರುತು ಮಾತ್ರ ನೋಡಿ ಮುಂದೆ ಹೋದಿರಿ, ಫೇಲ್ ಲಿಂಕ್ ಹಿಡಿದು ‘ರಸ’ ನೋಡಲಿಲ್ಲ. ಹಾಗಂತ ಪ್ರತಿ ಅಕ್ಷರಕ್ಕೂ ಫೇಲ್ ಸರಪಳಿ ಪೂರ್ತಿ ಇಳಿದರೆ ನಿಧಾನವಾಗುತ್ತದೆ. ಫೇಲ್ ಲಿಂಕ್ ಕಟ್ಟುವಾಗಲೇ, ಪದ ಮುಗಿಯುವ ಸ್ಟೇಟ್‌ಗೆ ನೇರ ಒಯ್ಯುವ ಇನ್ನೊಂದು ಔಟ್‌ಪುಟ್ ಲಿಂಕ್ ಹಾಕಿ. ಫೇಲ್ ಲಿಂಕ್ ತೋರಿಸುವ ಸ್ಟೇಟ್‌ನಲ್ಲಿ ಪದ ಮುಗಿದರೆ ಅದಕ್ಕೇ ಹಾಕಿ. ಇಲ್ಲದಿದ್ದರೆ ಆ ಸ್ಟೇಟ್‌ನ ಔಟ್‌ಪುಟ್ ಲಿಂಕ್ ಎಲ್ಲಿಗಿದೆಯೋ ಅಲ್ಲಿಗೆ. 1975ರ ಮೂಲ ಲೇಖನದಲ್ಲೂ ಔಟ್‌ಪುಟ್ ಲೆಕ್ಕ ಇದೆ. ಆ ಭಾಗ ಯಾರೂ ಓದಲ್ಲ.

ನನಗೆ ಭಯ ಆಗಿದ್ದು ಬೇರೆ ಕಾರಣಕ್ಕೆ. ಪ್ರೋಗ್ರಾಂ ಕುಸಿದು ಬಿದ್ದಿದ್ದರೆ ಗೊತ್ತಾಗುತ್ತಿತ್ತು. ಇದು ಸುಮ್ನೆ ಔಷಧಿಯ ಹೆಸರು ಬಿಟ್ಟುಬಿಡುತ್ತದೆ. ಎರಡೇ ಅಕ್ಷರ ಬಳಸಿ ಸಾವಿರಾರು ಪುಟ್ಟ ಪಠ್ಯಗಳನ್ನೂ ಪಟ್ಟಿಗಳನ್ನೂ ಮಾಡಿ. ಪ್ರತಿ ಪದವನ್ನೂ ಪ್ರತಿ ಜಾಗದಲ್ಲೂ ಹುಡುಕುವ ಪೆದ್ದು ಕೋಡ್‌ನ ಉತ್ತರದ ಜೊತೆ ಹೋಲಿಸಿ. ಅಲ್ಲಿವರೆಗೆ ಇದನ್ನು ಯಾರಿಗೂ ಕೊಡಬೇಡಿ.

ಶಾರ್ಟ್‌ಕಟ್: ಇಷ್ಟೆಲ್ಲ ಯಾಕೆ? ಪದಗಳನ್ನೆಲ್ಲ ಸೇರಿಸಿ ಒಂದು ರೆಜೆಕ್ಸ್ (ಪಠ್ಯದಲ್ಲಿ ಹುಡುಕುವ ಸೂತ್ರ) ಮಾಡಿ.

ಎಂಜಿನಿಯರ್: ಒಂದರ ಮೇಲೊಂದು ಬರುವ ಪದಗಳನ್ನು ಸಾಮಾನ್ಯ ರೆಜೆಕ್ಸ್ ಕೊಡಲ್ಲ. ಅದೇ ರೋಗ.

ಇಳಾ: ಒಂದಕ್ಷರ ತಪ್ಪಿದ್ದರೂ ಪದ ಸಿಗಬೇಕು. ಲೆವೆನ್‌ಸ್ಟೈನ್ ಆಟೊಮ್ಯಾಟನ್ (ಅಕ್ಷರ ತಪ್ಪನ್ನೂ ಒಪ್ಪುವ ಹುಡುಕು ಯಂತ್ರ) ಆಗುತ್ತಾ ಮೇಡಂ?

ಶಾರ್ಟ್‌ಕಟ್: ಟ್ರೈ ಬೈಟ್ ಮೇಲೆ ಕಟ್ಟಬೇಡಿ. ಕನ್ನಡ ಅಕ್ಷರದ ಮಧ್ಯದಿಂದ ಪದ ಸಿಗುತ್ತೆ.

ಬೈಟ್‌ಭಕ್ತ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಸಿಗಲ್ಲ. ಅಕ್ಷರ ಶುರುವಾಗುವ ಬೈಟ್ ಬೇರೆ, ಮುಂದುವರಿಯುವ ಬೈಟ್ ಬೇರೆ.

ಶಾರ್ಟ್‌ಕಟ್: ‘ರಸಿಕ’ದಲ್ಲಿ ‘ರಸ’ ಸಿಗುತ್ತಲ್ಲ?

ಬೈಟ್‌ಭಕ್ತ: ಅದು ಬೈಟ್ ತಪ್ಪಲ್ಲ ಸ್ವಾಮಿ. ‘ಸಿ’ ಅಂದರೆ ಸ, ಆಮೇಲೆ ಗುಡಿಸಿನ ಗುರುತು. ಯೂನಿಕೋಡ್ ಸಂಕೇತಗಳ ಮೇಲೆ ಕಟ್ಟಿದರೂ ಹಾಗೇ.

ಶಾರ್ಟ್‌ಕಟ್: ಹಾಗಿದ್ರೂ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಸ್ಟೇಟ್ ಜಾಸ್ತಿ ಆಗಲ್ವಾ?

ಬೈಟ್‌ಭಕ್ತ: ಮಾತು ತಿರುಗಿಸಬೇಡಿ.

ಎಂಜಿನಿಯರ್: ಇಬ್ಬರೂ ಬೇರೆ ಕಡೆ ಜಗಳ ಆಡಿ. ಸ್ಟೇಟ್‌ಗೆ ಬೈಟ್‌ನ ಪ್ರತಿ ಬೆಲೆಗೊಂದರಂತೆ 256 ಮನೆಯ ಟೇಬಲ್, ಮನೆಗೆ 4 ಬೈಟ್ ಅಂದರೆ 10 ಲಕ್ಷ ಸ್ಟೇಟ್‌ಗೆ ಸುಮಾರು 1 ಜಿಬಿ. ಲೆಕ್ಕ ಹಾಕಿ ಆಮೇಲೆ ಮಾತಾಡಿ.

ಅತಿಥಿ: ಒಂದೇ ಪದ ಹುಡುಕೋಕೆ ಯಾವುದು ಒಳ್ಳೆಯದು?

ಎಂಜಿನಿಯರ್: ಮೊದಲ ಉತ್ತರ.

ಇಳಾ: ನನ್ನ ಪ್ರಶ್ನೆ ಮೇಲಿದೆ, ಮೇಡಂ.

ನಿದ್ದೆಗೆಟ್ಟವ: ಮೂರೂ ಸಿಕ್ಕವು! ಆದರೆ ಪಟ್ಟಿಗೆ ಹೊಸ ಹೆಸರು ಸೇರಿಸಿದ ಮೇಲೆ ಪೆದ್ದು ಕೋಡ್‌ಗೂ ಇದಕ್ಕೂ ತಾಳೆ ಬರ್ತಿಲ್ಲ.

ಎಂಜಿನಿಯರ್: ಸೇರಿಸಿದ ಮೇಲೆ ಫೇಲ್ ಲಿಂಕ್‌ಗಳನ್ನು ಮತ್ತೆ ಕಟ್ಟಿದಿರಾ?

ನಿದ್ದೆಗೆಟ್ಟವ: ಇಲ್ಲ.